ಡಿಲೇ ಪೆಡಲ್ ತಗೊಂಡಾಯ್ತು, ಈಗ ನಾಬ್ ಎಲ್ಲಿಗೆ ತಿರುಗಿಸ್ಬೇಕು?

ಡಿಲೇ ಪೆಡಲ್ ಅಂದ್ರೆ ಗಿಟಾರ್ ಸದ್ದನ್ನ ಸ್ವಲ್ಪ ತಡವಾಗಿ ಪ್ರತಿಧ್ವನಿ ಥರ ವಾಪಸ್ ಕೊಡೋ, ಕಾಲಲ್ಲಿ ಒತ್ತೋ ಡಬ್ಬಿ. ಹೊಸದು ಕೈಗೆ ಬಂದ ದಿನ ಎಲ್ರೂ ಮಾಡೋದು ಒಂದೇ ಕೆಲಸ, ಎಲ್ಲಾ ನಾಬ್ ನಡುಮಧ್ಯಕ್ಕೆ ಇಟ್ಟು ಒಂದು ಕಾರ್ಡ್ ಬಾರಿಸಿ ಕಣ್ಮುಚ್ಕೊಂಡು ಕೂರೋದು. ರೂಮಲ್ಲಿ ಒಬ್ರೇ ಇದ್ದಾಗ ಅದು ಸ್ವರ್ಗದ ಥರ ಕೇಳ್ಸತ್ತೆ. ಅದೇ ಸೆಟ್ಟಿಂಗ್ ತಗೊಂಡು ಬ್ಯಾಂಡ್ ಜೊತೆ ನುಡಿಸಿ ನೋಡಿ, ಗೊತ್ತಾಗತ್ತೆ. ನಾನು ಮೊದಲ ಸಲ ಹಾಗೆ ಹೋದಾಗ ಡ್ರಮ್ಮರ್ ಎರಡು ಸಲ ನಿಲ್ಸಿ "ಯಾರೋ ಲಯ ಬಿಡ್ತಾ ಇದೀರಪ್ಪ" ಅಂದ, ಬೇಸಿಸ್ಟ್ ನನ್ನ ಮುಖ ನೋಡ್ದ, ನಾನು ಬೇಸಿಸ್ಟ್ ಮುಖ ನೋಡ್ದೆ. ಮೂರನೇ ಸಲ ಸುಮ್ನೆ ಕಾಲಲ್ಲಿ ಪೆಡಲ್ ಆಫ್ ಮಾಡಿದೆ, ಎಲ್ಲಾ ಸರಿಹೋಯ್ತು. ಕಳ್ಳ ನನ್ನ ಕಾಲ ಕೆಳಗೇ ಇದ್ದ.

ಅದಕ್ಕೇ ಯಾವ ಕಂಪನಿ ಯಾವ ಮಾಡೆಲ್ ಅನ್ನೋ ಜಗಳ ಸ್ವಲ್ಪ ಆಮೇಲೆ ಇಟ್ಕೊಳೋಣ, ಮೊದ್ಲು ಟೈಮ್, ಅಂದ್ರೆ ಪ್ರತಿಧ್ವನಿ ಎಷ್ಟು ತಡವಾಗಿ ಬರ್ಬೇಕು ಅನ್ನೋದನ್ನ, ಕೂರಿಸೋದು ಕಲೀಬೇಕು. ಟೈಮ್ ಸರಿ ಕೂತ್ರೆ ತೀರಾ ಸಾಧಾರಣ ಪೆಡಲ್ಲೂ ಚೆನ್ನಾಗೇ ಕೇಳ್ಸತ್ತೆ, ಕೂರ್ಲಿಲ್ಲ ಅಂದ್ರೆ ಎಂಥಾ ದುಬಾರಿ ಪೆಡಲ್ ಆದ್ರೂ ಗಲಾಟೆನೇ.

ಯಾವ ಡಿಲೇ ತಗೊಂಡ್ರೂ ಒಳಗಡೆ ಇರೋದು ಮೂರೇ ವಿಷಯ. ನೀವು ಬಾರಿಸಿದ್ದು ಎಷ್ಟು ಹೊತ್ತಾದ್ಮೇಲೆ ವಾಪಸ್ ಬರ್ಬೇಕು, ಎಷ್ಟು ಸಲ ಬರ್ಬೇಕು, ಎಷ್ಟು ಜೋರಾಗಿ ಬರ್ಬೇಕು. ಹೆಸರು ಮಾತ್ರ ಒಂದೊಂದು ಪೆಡಲ್ಲಲ್ಲಿ ಒಂದೊಂದು ಥರ, ಎಷ್ಟು ಸಲ ಅನ್ನೋ ನಾಬ್‌ಗೆ ಒಬ್ರು ಫೀಡ್‌ಬ್ಯಾಕ್ ಅಂತಾರೆ, ಇನ್ನೊಬ್ರು ರಿಪೀಟ್ಸ್, ಎಂಎಕ್ಸ್ಆರ್ ಕಂಪನಿಯ ಕಾರ್ಬನ್ ಕಾಪಿಲಿ ಅದು ರಿಜೆನ್, ಬಾಸ್ ಕಂಪನಿಯ ಡಿಎಂ-2ನಲ್ಲಿ ಇಂಟೆನ್ಸಿಟಿ. ಜೋರಿನ ನಾಬ್ ಕೂಡ ಹಾಗೇನೇ, ಮಿಕ್ಸ್, ಬ್ಲೆಂಡ್, ಲೆವೆಲ್, ಎಕೋ ಏನ್ ಬೇಕಾದ್ರೂ ಬರೆದಿರ್ತಾರೆ. ಹೆದರ್ಕೋಬೇಡಿ, ತಿರುಗಿಸಿ ಕೇಳಿದ್ರೆ ಎರಡು ನಿಮಿಷದಲ್ಲಿ ಯಾವ್ದು ಯಾವ್ದು ಅಂತ ಗೊತ್ತಾಗತ್ತೆ.

ಸೆಟ್ ಮಾಡೋ ಕ್ರಮ ಹೀಗಿಟ್ಕೊಳಿ. ಮೊದ್ಲು ಫೀಡ್‌ಬ್ಯಾಕ್ ಪೂರ್ತಿ ಕೆಳಗೆ ಇಳಿಸಿ, ಅಂದ್ರೆ ಒಂದೇ ಒಂದು ಸಲ ವಾಪಸ್ ಬರೋ ಹಾಗೆ. ಮಿಕ್ಸ್ ಬೇಕಂತಲೇ ಜೋರಾಗಿ ಇಡಿ, ನಿಮ್ಮ ಒರಿಜಿನಲ್ ಸ್ವರದಷ್ಟೇ ಜೋರಾಗಿ. ಈಗ ಎಡಗೈಯಲ್ಲಿ ತಂತಿ ಮ್ಯೂಟ್ ಮಾಡಿ ಬಲಗೈಯಲ್ಲಿ ಬರೀ "ಚಿಕ್" ಅಂತ ಬಾರಿಸ್ತಾ ಟೈಮ್ ಕೂರಿಸಿ. ಮ್ಯೂಟ್ ಮಾಡೋದು ಯಾಕೆ ಅಂದ್ರೆ, ಸ್ವರ ಬಾರಿಸಿದ್ರೆ ಅದರ ಬಾಲ ಉದ್ದ ಇರತ್ತೆ, ವಾಪಸ್ ಬಂದಿದ್ದು ಎಲ್ಲಿ ಶುರು ಆಯ್ತು ಅಂತ ಕಿವಿಗೆ ಸಿಗಲ್ಲ, ಚಿಕ್ ಅಂದ್ರೆ ಕರಾರುವಾಕ್ಕಾಗಿ ಸಿಗತ್ತೆ. ಟೈಮ್ ಕೂತ್ಮೇಲೆ ಫೀಡ್‌ಬ್ಯಾಕ್ ಮೇಲೆ ತಗೊಳಿ, ಎರಡು ಮೂರು ಸಲಕ್ಕಿಂತ ಜಾಸ್ತಿ ಬೇಕಾಗೋದು ಕಮ್ಮಿ. ಕೊನೇಲಿ ಮಿಕ್ಸ್ ಇಳಿಸ್ತಾ ಬನ್ನಿ. ಎಲ್ಲಿ ತನಕ ಅಂದ್ರೆ, ನಿಮಗೆ "ಅಯ್ಯೋ ಕಮ್ಮಿ ಆಯ್ತೇನೋ" ಅನ್ನಿಸೋ ತನಕ. ಬ್ಯಾಂಡ್ ಜೊತೆ ಅಷ್ಟೇ ಸಾಕು, ಒಬ್ರೇ ನುಡಿಸೋದಾದ್ರೆ ಇನ್ನೊಂಚೂರು ಏರಿಸ್ಕೊಳಿ, ಯಾರೂ ಬೈಯಲ್ಲ.

ಟೈಮ್ ಅಂದ್ನಲ್ಲ, ಅದಕ್ಕೆ ಬರೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಹಂಗಾಗಿ 100 ಮಿಲಿಸೆಕೆಂಡ್ ಡಿಲೇ ಅಂದ್ರೆ 17 ಮೀಟರ್ ಆಚೆ ಇರೋ ಗೋಡೆಗೆ ಬಡಿದು ವಾಪಸ್ ಬಂದ ಹಾಗೆ. ಹೀಗೆ ಯೋಚ್ನೆ ಮಾಡಿದ್ರೆ ನಂಬರ್‌ಗಳು ಬರೀ ನಂಬರ್ ಥರ ಅನ್ಸಲ್ಲ. 30ರಿಂದ 50ರ ಸುತ್ತ ಇಟ್ರೆ ಪ್ರತಿಧ್ವನಿ ಅಂತ ಬೇರೆ ಕೇಳ್ಸೋದೇ ಇಲ್ಲ, ಇಬ್ರು ಒಟ್ಟಿಗೆ ನುಡಿಸಿದ ಹಾಗೆ ಸ್ವರ ದಪ್ಪ ಆಗತ್ತೆ. 80ರಿಂದ 140ರ ಹತ್ರ, ಒಂದೇ ಸಲ, ಸ್ವಲ್ಪ ಜೋರಾಗಿ ಇಟ್ರೆ ಅದು ಸ್ಲ್ಯಾಪ್‌ಬ್ಯಾಕ್. 1950ರ ದಶಕದಲ್ಲಿ ಅಮೆರಿಕದ ಸನ್ ಸ್ಟುಡಿಯೋದಲ್ಲಿ ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಮಷೀನ್ ಇಟ್ಕೊಂಡು ತೆಗೀತಿದ್ದ ರಾಕಬಿಲಿ (ಆಗಿನ ಒಂಥರಾ ರಾಕ್ ಅಂಡ್ ರೋಲ್) ಸದ್ದು ಅದೇ. ಸ್ಲ್ಯಾಪ್‌ಬ್ಯಾಕ್‌ಗೆ ಹಾಡಿನ ವೇಗದ ಲೆಕ್ಕ ಅಷ್ಟಾಗಿ ಬೇಡ, ಕಿವಿಗೆ ಹಿತ ಆದ್ರೆ ಆಯ್ತು. ಗಾಬರಿಲಿರೋರಿಗೆ ನಾನು ಮೊದ್ಲು ಹೇಳೋ ಸೆಟ್ಟಿಂಗ್ ಇದೇ, ಕೆಡಿಸೋದು ಕಷ್ಟ.

200 ದಾಟಿದ್ಮೇಲೆ ಮಾತ್ರ ಲಯದ ಲೆಕ್ಕ ಬಿಡಂಗಿಲ್ಲ. 60,000ವನ್ನ ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ಲೆಕ್ಕ) ಭಾಗಿಸಿ, ಬಂದಿದ್ದು ಒಂದು ಬೀಟಿನ ಮಿಲಿಸೆಕೆಂಡ್. 120 ಬಿಪಿಎಂ ಆದ್ರೆ 500. ಅರ್ಧ ಬೀಟ್ ಬೇಕಾದ್ರೆ 250. ಆದ್ರೆ ಗಿಟಾರಿಸ್ಟ್‌ಗಳು ಪ್ರಾಣ ಬಿಡೋದು ಇವೆರಡಕ್ಕಲ್ಲ, ಮುಕ್ಕಾಲು ಬೀಟಿಗೆ, ಅಂದ್ರೆ 375ಕ್ಕೆ. ಡಾಟೆಡ್ ಎಯ್ತ್ ಅಂತ ಕರೆಯೋದು ಇದನ್ನೇ, ಯು2 ಬ್ಯಾಂಡಿನ ಗಿಟಾರಿಸ್ಟ್ ದಿ ಎಡ್ಜ್ ಕೈಯಲ್ಲಿ ಜಗತ್ತಿಗೆಲ್ಲಾ ಗೊತ್ತಾಗಿದ್ದು.

ಇದು ಯಾಕೆ ಕೆಲಸ ಮಾಡತ್ತೆ ಅಂತ ಒಂದ್ಸಲ ಬಾಯಲ್ಲಿ ಹೇಳ್ಕೊಂಡು ನೋಡಿ, ಪುಸ್ತಕ ಓದೋದಕ್ಕಿಂತ ಬೇಗ ತಲೆಗೆ ಹೋಗತ್ತೆ. ಒಂದು ಬೀಟಲ್ಲಿ ತ ಕ ಧಿ ಮಿ ಅಂತ ನಾಲ್ಕು ಅಕ್ಷರ. ನೀವು ಬಾರಿಸೋದು ತ ಮತ್ತೆ ಧಿ ಮಾತ್ರ, ಒಂದೇ ಸಮ. ಪೆಡಲ್ ಮೂರು ಅಕ್ಷರ ತಡವಾಗಿ ವಾಪಸ್ ಕೊಡತ್ತೆ, ಅಂದ್ರೆ ನಿಮ್ಮ ತ ಹೋಗಿ ಮಿ ಮೇಲೆ ಬೀಳತ್ತೆ, ನಿಮ್ಮ ಧಿ ಹೋಗಿ ಮುಂದಿನ ಬೀಟಿನ ಕ ಮೇಲೆ ಬೀಳತ್ತೆ. ಖಾಲಿ ಬಿಟ್ಟ ಎರಡು ಜಾಗನೂ ಪೆಡಲ್ಲೇ ತುಂಬ್ತು! ನೀವು ಆರಾಮಾಗಿ ಎರಡು ಬಾರಿಸ್ತೀರ, ಕೇಳೋರಿಗೆ ನಾಲ್ಕು ಕೇಳ್ಸತ್ತೆ. ಇದಕ್ಕೆ ಎರಡೇ ಎರಡು ಷರತ್ತು, ನಿಮ್ಮ ಕೈ ಗಡಿಯಾರದ ಥರ ಇರ್ಬೇಕು ಮತ್ತೆ ಮಿಕ್ಸ್ ಸಾಕಷ್ಟು ಜೋರಾಗಿ ಇರ್ಬೇಕು, ಇಲ್ಲಾಂದ್ರೆ ನಡುವಿನ ಅಕ್ಷರಗಳು ಸತ್ತೋಗಿ ಕುಂಟು ನಡಿಗೆ ಥರ ಆಗತ್ತೆ.

ಟ್ಯಾಪ್ ಟೆಂಪೋ (ತಟ್ಟಿ ವೇಗ ಹೇಳೋ ಸ್ವಿಚ್) ಇರೋ ಪೆಡಲ್ ಆದ್ರೆ ಬೀಟಿಗೆ ಸರಿಯಾಗಿ ಕಾಲಲ್ಲಿ ಒತ್ತಿ, ಡಾಟೆಡ್ ಎಯ್ತ್ ಅಂತ ಆರಿಸ್ಕೊಂಡ್ರೆ ಮುಗೀತು. ಟ್ಯಾಪ್ ಇಲ್ಲದೋರಿಗೆ ನನ್ನದೊಂದು ಕಳ್ಳದಾರಿ ಇದೆ. ಹಾಡಿನ ಬಿಪಿಎಂಗೆ ಅದರ ಮೂರನೇ ಒಂದು ಭಾಗ ಸೇರಿಸಿ, 120 ಇದ್ರೆ 160, 90 ಇದ್ರೆ 120. ಮೆಟ್ರೊನೋಮ್ ಆ ವೇಗಕ್ಕೆ ಇಟ್ಟು, ಕ್ಲಿಕ್ ಮೇಲೆ ಒಂದು ಚಿಕ್ ಬಾರಿಸಿ, ವಾಪಸ್ ಬಂದಿದ್ದು ಮುಂದಿನ ಕ್ಲಿಕ್ ಮೇಲೆ ಸರಿಯಾಗಿ ಕೂರೋ ತನಕ ನಾಬ್ ತಿರುಗಿಸಿ. ಕೂತ್ಮೇಲೆ ಮೆಟ್ರೊನೋಮ್‌ನ ಹಾಡಿನ ವೇಗಕ್ಕೆ ವಾಪಸ್ ತನ್ನಿ, ಮುಕ್ಕಾಲು ಬೀಟ್ ತಾನಾಗೇ ಸಿಕ್ಕಿರತ್ತೆ. ನಾಬ್ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಗೆರೆ ಎಳ್ಕೊಳಿ, ಸ್ಟೇಜ್ ಮೇಲೆ ಕತ್ತಲಲ್ಲಿ ಲೆಕ್ಕ ಮಾಡೋಕ್ಕಾಗಲ್ಲ.

ಈಗ ಜಗಳದ ವಿಷಯ, ಯಾವ ಥರದ್ದು ತಗೋಬೇಕು. ಮೂರು ಜಾತಿ ಇದೆ ಅಂತಿಟ್ಕೊಳಿ. ಮೊದಲನೇದು ಟೇಪ್. ಮೈಕ್ ಬ್ಯಾಟಲ್ ಅನ್ನೋರು ರೂಪಿಸಿದ ಎಕೋಪ್ಲೆಕ್ಸ್ 1959ರಲ್ಲಿ ಬಂತು, ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ 1974ರಲ್ಲಿ. ಟೇಪ್ ಸುತ್ತುತ್ತಾ ಇರತ್ತೆ, ಒಂದು ಹೆಡ್ ರೆಕಾರ್ಡ್ ಮಾಡತ್ತೆ, ಸ್ವಲ್ಪ ಮುಂದೆ ಇನ್ನೊಂದು ಹೆಡ್ ಅದನ್ನೇ ಓದತ್ತೆ, ಆ ನಡುವಿನ ದೂರನೇ ನಿಮ್ಮ ಡಿಲೇ. ಟೇಪ್ ಒಂಚೂರು ಓಲಾಡ್ತಾ ಹೋಗೋದ್ರಿಂದ ವಾಪಸ್ ಬಂದ ಸ್ವರ ಸ್ವಲ್ಪ ನಡುಗತ್ತೆ, ಪ್ರತಿ ಸಲ ಮಂಕಾಗ್ತಾ ಹೋಗತ್ತೆ, ಜನ ಹುಚ್ಚರಾಗೋದು ಆ ನಡುಕಕ್ಕೇ. ಇಟಲಿಯ ಬಿನ್ಸನ್ ಎಕೋರೆಕ್ ಟೇಪ್ ಬದ್ಲು ತಿರುಗೋ ಮ್ಯಾಗ್ನೆಟಿಕ್ ಡ್ರಮ್ ಇಟ್ಟಿತ್ತು, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಬಳಸ್ತಿದ್ದಿದ್ದು ಅದು. ಹಳೇ ಮಷೀನ್ ಸಾಕೋದು ಆನೆ ಸಾಕಿದ ಹಾಗೆ, ಟೇಪ್ ಬದಲಾಯಿಸ್ಬೇಕು, ಹೆಡ್ ಕ್ಲೀನ್ ಮಾಡ್ಬೇಕು. ಸದ್ದು ಮಾತ್ರ ಸಾಕು ಅನ್ನೋರಿಗೆ 2010ರ ಸ್ಟ್ರೈಮನ್ ಎಲ್ ಕ್ಯಾಪಿಸ್ಟಾನ್, 2022ರಲ್ಲಿ ಬಂದ ಬಾಸ್ ಆರ್‌ಇ-202 ಇವೆ, ಒಳಗೆ ಡಿಜಿಟಲ್, ಕಿವಿಗೆ ಟೇಪ್.

ಎರಡನೇದು ಅನಲಾಗ್. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಬಕೆಟ್ ನೀರು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಒಳಗಿರೋ ಚಿಪ್ ಹಂಗೇ ಕೆಲಸ ಮಾಡೋದು, ಹೆಸರೂ ಬಕೆಟ್ ಬ್ರಿಗೇಡ್. 1969ರಲ್ಲಿ ಫಿಲಿಪ್ಸ್ ಕಂಪನಿಲಿ ಕಂಡುಹಿಡಿದಿದ್ದು. ಸಾಲಲ್ಲಿ ಇರೋರು ಅಷ್ಟೇ ಜನ, ಹಾಗಾಗಿ ಡಿಲೇ ಉದ್ದ ಆಗ್ಬೇಕು ಅಂದ್ರೆ ಅವ್ರು ನಿಧಾನವಾಗಿ ದಾಟಿಸ್ಬೇಕು, ನಿಧಾನ ಆದಷ್ಟೂ ಹೈ ಎಂಡ್ (ಸದ್ದಿನ ಚೂಪಾದ ಮೇಲಿನ ಭಾಗ) ಕತ್ತರಿಸ್ಬೇಕಾಗತ್ತೆ, ಅದಕ್ಕೇ ಅನಲಾಗ್ ಡಿಲೇ ಮಂಕು, ಬೆಚ್ಚಗೆ ಅಂತ ಜನ ಅನ್ನೋದು. ಇದು ದೋಷ ಅಂತ ಶುರುವಾಗಿದ್ದು, ಆದ್ರೆ ನಿಮ್ಮ ಒರಿಜಿನಲ್ ಸ್ವರ ಮುಂದೆ ನಿಂತು ಡಿಲೇ ಹಿಂದೆ ಸರಿಯೋದ್ರಿಂದ ಬ್ಯಾಂಡಿನ ಒಟ್ಟು ಸದ್ದಿನಲ್ಲಿ ಇದಕ್ಕಿಂತ ಸುಲಭವಾಗಿ ಕೂರೋದು ಇನ್ನೊಂದಿಲ್ಲ. ಬಾಸ್ ಡಿಎಂ-2 1981ರದ್ದು, ಜಾಸ್ತಿ ಅಂದ್ರೆ 300 ಮಿಲಿಸೆಕೆಂಡ್. 2008ರ ಕಾರ್ಬನ್ ಕಾಪಿ 600 ತನಕ ಹೋಗತ್ತೆ. ಎಲೆಕ್ಟ್ರೋ-ಹಾರ್ಮೋನಿಕ್ಸ್ ಡಿಲಕ್ಸ್ ಮೆಮೊರಿ ಮ್ಯಾನ್‌ನಲ್ಲಿ ಕೋರಸ್, ವೈಬ್ರಾಟೋ ಅನ್ನೋ ಸ್ವರ ಓಲಾಡಿಸೋ ಎಫೆಕ್ಟ್ ಕೂಡ ಸೇರ್ಕೊಂಡಿದೆ, ದಿ ಎಡ್ಜ್ ಶುರುವಿನಲ್ಲಿ ಇಟ್ಕೊಂಡಿದ್ದು ಇದನ್ನೇ. ಸೋಲೋ ಜಾಸ್ತಿ ನುಡಿಸ್ತೀರ ಅಂದ್ರೆ ನನ್ನ ಮತ ಅನಲಾಗ್‌ಗೆ.

ಅಂದ್ಹಾಗೆ ಅಗ್ಗದ "ಅನಲಾಗ್" ಪೆಡಲ್ ಎಷ್ಟೋ ಇವೆಯಲ್ಲ, ಅದರಲ್ಲಿ ಬಹಳಷ್ಟರೊಳಗೆ ಇರೋದು ಪಿಟಿ2399 ಅನ್ನೋ ಡಿಜಿಟಲ್ ಚಿಪ್. ಬೇಜಾರಾಗ್ಬೇಡಿ, ಕೆಟ್ಟದ್ದೇನಲ್ಲ, ಟೈಮ್ ಜಾಸ್ತಿ ಮಾಡಿದಷ್ಟೂ ಕಿರಿಕಿರಿ ಗಲೀಜು ಸೇರ್ಕೊಳತ್ತೆ ಅಷ್ಟೇ. ನನ್ನ ಮೊದಲ್ನೇ ಪೆಡಲ್ ಅದೇ, ಈಗ್ಲೂ ನನ್ನ ಪೆಡಲ್ ಬೋರ್ಡ್ ಮೇಲಿದೆ.

ಮೂರನೇದು ಡಿಜಿಟಲ್. 1983ರಲ್ಲಿ ಬಾಸ್ ಡಿಡಿ-2 ಬಂದಾಗ ಸಣ್ಣ ಪೆಡಲ್ ಸೈಜಲ್ಲಿ ಡಿಜಿಟಲ್ ಡಿಲೇ ಅನ್ನೋದೇ ಹೊಸದು, 800 ಮಿಲಿಸೆಕೆಂಡ್ ಬೇರೆ. 1986ರಲ್ಲಿ ಡಿಡಿ-3 ಆಯ್ತು, ಇವತ್ತಿಗೂ ಎಷ್ಟೋ ಬೋರ್ಡಲ್ಲಿ ಅದೇ ಇದೆ. ಬಾರಿಸಿದ್ದು ಹಂಗೇ ವಾಪಸ್, ಮಂಕಾಗಲ್ಲ, ಅದಕ್ಕೇ ಮುಕ್ಕಾಲು ಬೀಟಿನ ಆಟಕ್ಕೆ ಡಿಜಿಟಲ್ಲೇ ಸರಿ, ಪ್ರತಿ ಅಕ್ಷರ ಸ್ಪಷ್ಟ ಇರ್ಬೇಕಲ್ಲ. ಡಿಡಿ-3ಗೆ ಟ್ಯಾಪ್ ಇರ್ಲಿಲ್ಲ, 2019ರ ಡಿಡಿ-3ಟಿಲಿ ಹೊರಗಿನ ಸ್ವಿಚ್ ಹಾಕಿ ಟ್ಯಾಪ್ ಮಾಡ್ಬಹುದು. ಎಲ್ಲಾ ಥರದ್ದೂ ಒಂದೇ ಡಬ್ಬೀಲಿ ಬೇಕು ಅನ್ನೋರಿಗೆ 1999ರ ಲೈನ್ 6 ಡಿಎಲ್4 ದಾರಿ ತೋರಿಸ್ತು, ಹಸಿರು ಬಣ್ಣದ್ದು, 14 ಸೆಕೆಂಡಿನ ಲೂಪರ್ (ಬಾರಿಸಿದ್ದನ್ನ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಸುತ್ತಿಸೋದು) ಇತ್ತು. ಆಮೇಲೆ ಬಂದ ದೊಡ್ಡ ಡಬ್ಬಿಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳೇ.

ಜೋಡಿಸೋದ್ರಲ್ಲಿ ಒಂದೇ ನಿಯಮ ನೆನಪಿಟ್ಕೊಳಿ, ಓವರ್‌ಡ್ರೈವ್ (ಸ್ವರ ಒರಟು ಮಾಡೋ, ಡಿಸ್ಟಾರ್ಶನ್ ಥರದ ಪೆಡಲ್) ಮೊದ್ಲು, ಡಿಲೇ ಆಮೇಲೆ, ರಿವರ್ಬ್ (ದೊಡ್ಡ ಹಾಲಲ್ಲಿ ನುಡಿಸಿದ ಗುಂಗು ಕೊಡೋದು) ಕೊನೆಗೆ. ಡಿಲೇನ ಡಿಸ್ಟಾರ್ಶನ್‌ಗೆ ಮುಂಚೆ ಇಟ್ರೆ ವಾಪಸ್ ಬಂದ ಸಣ್ಣ ಸ್ವರಗಳೂ ಡಿಸ್ಟಾರ್ಶನ್‌ನಲ್ಲಿ ಉಬ್ಬಿ ಒಂದ್ರ ಮೇಲೊಂದು ಬಿದ್ದು ಮುದ್ದೆ ಆಗತ್ತೆ. ಕೆಲವ್ರಿಗೆ ಆ ಮುದ್ದೆನೇ ಇಷ್ಟ, ಅದು ಬೇರೆ ಮಾತು. ಆಂಪಿನದ್ದೇ ಗೇನ್ (ಆಂಪೇ ಕೊಡೋ ಡಿಸ್ಟಾರ್ಶನ್) ಬಳಸ್ತೀರ ಅಂದ್ರೆ ಡಿಲೇನ ಎಫೆಕ್ಟ್ಸ್ ಲೂಪ್ (ಗೇನ್ ಆದ್ಮೇಲೆ ಪೆಡಲ್ ಸೇರಿಸೋಕೆ ಆಂಪಲ್ಲಿರೋ ಜಾಗ) ಒಳಗೆ ಹಾಕಿ, ಲೂಪ್ ಇಲ್ದೇ ಇರೋ ಆಂಪ್ ಆದ್ರೆ ಮಿಕ್ಸ್ ಕಮ್ಮಿ ಇಟ್ಟು ಹೊಂದಿಸ್ಕೊಳಿ.

ಪವರ್ ವಿಷಯ ಬೇಗ ಮುಗಿಸ್ತೀನಿ. ಹೆಚ್ಚಿನವು 9 ವೋಲ್ಟ್ ಡಿಸಿ, ಸೆಂಟರ್ ನೆಗೆಟಿವ್ (ಪ್ಲಗ್ಗಿನ ನಡುಭಾಗ ಮೈನಸ್), ಆದ್ರೆ ಕೆಲವು ಬೇರೆ ವೋಲ್ಟೇಜ್ ಕೇಳ್ತವೆ, ಎಸಿ ಕೇಳೋವೂ ಇವೆ, ಹಿಂದೆ ಬರೆದಿರೋದು ಓದದೇ ಪ್ಲಗ್ ಹಾಕ್ಬೇಡಿ. ಡಿಜಿಟಲ್ ಪೆಡಲ್ ಕರೆಂಟ್ ಜಾಸ್ತಿ ಎಳೆಯತ್ತೆ, ಬೇರೆ ಪೆಡಲ್ ಜೊತೆ ಒಂದೇ ವೈರಲ್ಲಿ ಸರಮಾಲೆ ಹಾಕಿದ್ರೆ ಕುಂಯ್ ಅಂತ ಸದ್ದು ಬರೋದು ಇಲ್ಲಿಂದಾನೇ, ಅದಕ್ಕೊಂದು ಪ್ರತ್ಯೇಕ ಔಟ್‌ಲೆಟ್ ಕೊಡಿ. ಇನ್ನೊಂದು, ಆಫ್ ಮಾಡಿದ ತಕ್ಷಣ ಪ್ರತಿಧ್ವನಿ ಕತ್ತರಿಸಿದ ಹಾಗೆ ನಿಲ್ಬೇಕಾ ಅಥವಾ ತಾನಾಗೇ ಕರಗ್ಬೇಕಾ ಅಂತ ತಗೊಳೋಕೆ ಮುಂಚೆ ನೋಡ್ಕೊಳಿ. ಕರಗೋದಕ್ಕೆ ಟ್ರೇಲ್ಸ್ ಅಂತಾರೆ, ಎಲ್ಲಾದ್ರಲ್ಲೂ ಇರಲ್ಲ.

ಇಷ್ಟೆಲ್ಲಾ ಆದ್ಮೇಲೆ ಒಂದು ಮಜಾ. ಫೀಡ್‌ಬ್ಯಾಕ್ ಪೂರ್ತಿ ಏರಿಸಿದ್ರೆ ಬಹಳಷ್ಟು ಪೆಡಲ್‌ಗಳು ತಮ್ಮನ್ನ ತಾವೇ ತಿಂದ್ಕೊಂಡು ಕೂಗೋಕೆ ಶುರು ಮಾಡ್ತವೆ, ಗಿಟಾರ್ ಮುಟ್ಟದೇ ಇದ್ರೂ. ಆಗ ಟೈಮ್ ನಾಬ್ ತಿರುಗಿಸಿ, ಅನಲಾಗ್ ಆದ್ರೆ ರಾಕೆಟ್ ಹಾರಿ ಬಿದ್ದ ಹಾಗೆ ಸ್ವರ ಮೇಲೆ ಕೆಳಗೆ ಜಾರತ್ತೆ. ಒಂದ್ ಕೈ ಮಾತ್ರ ಆಂಪಿನ ವಾಲ್ಯೂಮ್ ಮೇಲೇ ಇಟ್ಕೊಂಡಿರಿ, ಅದು ಎಷ್ಟು ಬೇಗ ಜೋರಾಗತ್ತೆ ಅಂದ್ರೆ ನೀವು ಬಗ್ಗಿ ಪೆಡಲ್ ಹಿಡಿಯೋ ಹೊತ್ತಿಗೆ ಪಕ್ಕದ ರೂಮಿನೋರು ಬಾಗಿಲಲ್ಲಿ ನಿಂತಿರ್ತಾರೆ.