ಬಯೋಟೆಕ್ ಪದವಿಗೆ ಮೂರು ಲಕ್ಷ ಸಾಲ: ನಮ್ಮ ಮನೆಯಲ್ಲಿ ಎರಡು ಸಲ ಹಾಕಿದ ಲೆಕ್ಕ

2016ರ ಜುಲೈನಲ್ಲಿ ಶಿಕ್ಷಣ ಸಾಲದ ಮೊದಲ ಕಂತು ಕಟ್ಟುವ ದಿನ ಬಂದಾಗ ನನ್ನ ಕೈಗೆ ಸಿಗುತ್ತಿದ್ದ ಸಂಬಳ 11,200 ರೂಪಾಯಿ. ಕಂತು 7,390. ಪಿ.ಜಿ. ಬಾಡಿಗೆ, ಊಟ ಸೇರಿ 4,500. ಮೂರು ಅಂಕಿಗಳನ್ನು ಕೂಡಿ ಕಳೆದರೆ ಬಸ್ ಪಾಸಿಗೂ ದುಡ್ಡು ಉಳಿಯುವುದಿಲ್ಲ. ಈ ಲೆಕ್ಕ ನಾಲ್ಕು ವರ್ಷ ಮೊದಲೇ ಹಾಕಬಹುದಿತ್ತು. ಹಾಕಿರಲಿಲ್ಲ.

ನಮ್ಮದು ತಿಪಟೂರು ಕಡೆ. ಪಿ.ಯು.ಸಿ.ಯಲ್ಲಿ ಪಿ.ಸಿ.ಎಂ.ಬಿ. ಓದಿ, ಮೆಡಿಕಲ್ ಸೀಟು ಸಿಗದೆ, 2012ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಬಯೋಟೆಕ್ನಾಲಜಿ ಸೇರಿದೆ. ವರ್ಷಕ್ಕೆ ಒಂದು ಲಕ್ಷದಂತೆ ಮೂರು ವರ್ಷಕ್ಕೆ ಮೂರು ಲಕ್ಷ ಸಾಲ, ಬಡ್ಡಿ ಶೇ. 12.5. ನಾಲ್ಕು ಲಕ್ಷದೊಳಗಿನ ಸಾಲವಾದ್ದರಿಂದ ಜಮೀನಿನ ಪತ್ರ ಇಡಬೇಕಾಗಲಿಲ್ಲ, ಅಪ್ಪನ ಸಹಿ ಸಾಕಾಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂದರು ಬ್ಯಾಂಕಿನವರು. ಕಂತಿಗೆ ರಜೆ ಇದ್ದರೂ ಬಡ್ಡಿಗೆ ಇಲ್ಲ ಎಂಬುದನ್ನು ನಾವು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಮೊದಲ ವರ್ಷದ ಲಕ್ಷಕ್ಕೆ ನಾಲ್ಕು ವರ್ಷದ ಸರಳ ಬಡ್ಡಿ 50,000. ಎರಡನೆಯದಕ್ಕೆ ಮೂರು ವರ್ಷಕ್ಕೆ 37,500. ಮೂರನೆಯದಕ್ಕೆ ಎರಡು ವರ್ಷಕ್ಕೆ 25,000. ಮೊದಲ ಕಂತಿನ ದಿನ ನನ್ನ ಸಾಲ ಮೂರು ಲಕ್ಷ ಆಗಿರಲಿಲ್ಲ, 4,12,500 ಆಗಿತ್ತು. ಏಳು ವರ್ಷದ ಅವಧಿಗೆ ಪೂರ್ತಿ ಕಟ್ಟಿದರೆ 6 ಲಕ್ಷ 20 ಸಾವಿರ. ಅವಧಿಯನ್ನು ಹತ್ತು ವರ್ಷಕ್ಕೆ ಎಳೆದರೆ ಕಂತು 6,040ಕ್ಕೆ ಇಳಿಯುತ್ತಿತ್ತು, ಒಟ್ಟಿನಲ್ಲಿ ಇನ್ನೂ ಒಂದು ಲಕ್ಷ ಹೆಚ್ಚಾಗುತ್ತಿತ್ತು.

ಇಲ್ಲಿ ತಪ್ಪಿದ್ದು ಸಣ್ಣದೇನಲ್ಲ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋಗಲು ಅವಕಾಶವಿತ್ತು, ಹಾಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 1 ರಿಯಾಯಿತಿ ಕೊಡುವ ಪದ್ಧತಿಯೂ ಬ್ಯಾಂಕುಗಳಲ್ಲಿದೆ. ಮೊದಲ ವರ್ಷ ತಿಂಗಳಿಗೆ 1,042 ರೂಪಾಯಿ ಆಗುತ್ತಿತ್ತು. ಡೇರಿ ಹಾಲಿನ ಬಟವಾಡೆಯಲ್ಲಿ ಅಮ್ಮ ಅಷ್ಟನ್ನು ಎತ್ತಿಡುತ್ತಿದ್ದಳು. ಸಾಲ ಮೂರು ಲಕ್ಷಕ್ಕೇ ನಿಂತಿದ್ದರೆ ಕಂತು 5,380ರ ಹತ್ತಿರ ಬರುತ್ತಿತ್ತು.

ನನ್ನ ಕೆಲಸ ಔಷಧಿ ತಯಾರಿಸುವ ಘಟಕವೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ. ಗಾಳಿಯ ಸೂಕ್ಷ್ಮಾಣು ಹಿಡಿಯುವ ಅಗಾರ್ ಪ್ಲೇಟುಗಳನ್ನು ಕ್ಲೀನ್ ರೂಮಿನಲ್ಲಿ ನಾಲ್ಕು ಗಂಟೆ ತೆರೆದಿಟ್ಟು, ಇನ್‌ಕ್ಯುಬೇಟರಿನಲ್ಲಿಟ್ಟು, ಬೆಳೆದ ಕಾಲೊನಿಗಳನ್ನು ಪ್ಲೇಟಿನ ಹಿಂಬದಿಗೆ ಮಾರ್ಕರಿನಿಂದ ಚುಕ್ಕೆ ಇಟ್ಟು ಎಣಿಸುವುದು. ಕೆಲಸ ನನಗೆ ಇಷ್ಟವಾಗಿತ್ತು, ಈಗಲೂ ಇಷ್ಟ. ಆದರೆ ಅದೇ ಬೆಂಚಿನಲ್ಲಿ ನನ್ನ ಪಕ್ಕ ಕೂತವನು ಊರಿನ ಸರ್ಕಾರಿ ಕಾಲೇಜಿನಲ್ಲಿ ಸಿ.ಬಿ.ಝಡ್. (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಓದಿದವನು. ಅವನಿಗೂ 11,200. ಅವನ ಮೇಲೆ ಸಾಲವಿರಲಿಲ್ಲ.

ಅರ್ಧ ಕಂತನ್ನು ಅಪ್ಪ ಕಟ್ಟಿದರು. ನಮ್ಮಲ್ಲಿ ಬಲಿತ ಕಾಯಿಯನ್ನು ಹನ್ನೊಂದು ಹನ್ನೆರಡು ತಿಂಗಳು ಅಟ್ಟದ ಮೇಲಿಡುತ್ತೇವೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಡಗಡ ಅಂದಾಗಲೇ ಅದು ಉಂಡೆ ಕೊಬ್ಬರಿ, ಆಗಲೇ ಅದಕ್ಕೆ ಬೆಲೆ. ಕಂತು ತಿಂಗಳು ತಿಂಗಳು ಬರುತ್ತದೆ, ಕೊಬ್ಬರಿ ಹಾಗೆ ಬರುವುದಿಲ್ಲ. ಎರಡು ವರ್ಷ ಅಪ್ಪ ಕಾಯಿಯನ್ನು ಅಟ್ಟಕ್ಕೇ ಹಾಕಲಿಲ್ಲ, ಹಸಿಯಾಗಿದ್ದಾಗಲೇ ಮಾರಿದರು. ಖಾಲಿ ಅಟ್ಟ ನೋಡಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇ ಕಲಮಿನಲ್ಲಿ ವಿನಾಯಿತಿ ಉಂಟೆಂದು ಯಾರೋ ಸಮಾಧಾನ ಹೇಳಿದರು. ತೆರಿಗೆ ಕಟ್ಟುವಷ್ಟು ಸಂಬಳ ಇದ್ದವರಿಗೆ ಅದು.

2018ರಲ್ಲಿ ತಂಗಿ ಪಿ.ಯು.ಸಿ. ಮುಗಿಸಿದಳು. ಅವಳಿಗೂ ಬಯಾಲಜಿಯೇ ಬೇಕು. ಖಾಸಗಿ ವಿಶ್ವವಿದ್ಯಾಲಯವೊಂದರ ಬ್ರೋಶರ್ ತಂದಳು, ಹಾಸ್ಟೆಲ್ ಸೇರಿ ಆರು ಲಕ್ಷ. ಅದರಲ್ಲಿ ಗರಿಷ್ಠ ಪ್ಯಾಕೇಜ್ ಎಷ್ಟೆಂದು ದಪ್ಪಕ್ಷರದಲ್ಲಿತ್ತು. ಯಾವ ವಿಭಾಗದವರಿಗೆ ಅಂತ ಇರಲಿಲ್ಲ.

ಈ ಸಲ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಕೂತೆವು. ನನ್ನ ತರಗತಿಯ ಹದಿನಾಲ್ಕು ಜನಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಡಿಗ್ರಿ ಮುಗಿದ ಎರಡನೇ ವರ್ಷ ಕೈಗೆ ಎಷ್ಟು ಬರುತ್ತಿತ್ತು? ಆರು ಜನ ಎಂ.ಎಸ್ಸಿ.ಗೆ ಹೋಗಿದ್ದರು, ಅಂದರೆ ಏನೂ ಇಲ್ಲ. ನಾಲ್ವರು ಲ್ಯಾಬುಗಳಲ್ಲಿ, 10ರಿಂದ 14 ಸಾವಿರ. ಇಬ್ಬರು ಮೆಡಿಕಲ್ ಕೋಡಿಂಗ್‌ನಲ್ಲಿ, ಅಂದರೆ ಆಸ್ಪತ್ರೆ ದಾಖಲೆಗಳಿಗೆ ಕೋಡ್ ಹಾಕುವ ಕೆಲಸದಲ್ಲಿ, 18 ಸಾವಿರ. ಒಬ್ಬಳು ಬಿ.ಎಡ್. ಮಾಡುತ್ತಿದ್ದಳು, ಒಬ್ಬ ಸರ್ಕಾರಿ ಗುಮಾಸ್ತ ಹುದ್ದೆಯ ಎಫ್.ಡಿ.ಎ. ಪರೀಕ್ಷೆಗೆ ಓದುತ್ತಿದ್ದ. ಸರಾಸರಿ ತೆಗೆಯಲಿಲ್ಲ, ಲ್ಯಾಬಿನವರಲ್ಲಿ ಹೆಚ್ಚು ಅಂದರೆ ಸಿಕ್ಕ 14 ಸಾವಿರವನ್ನೇ ಹಿಡಿದೆವು. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬುದು ನಾನು ಅನುಭವಿಸಿ ಹಾಕಿಕೊಂಡ ಮಿತಿ. ಹಾಗಾದರೆ ಕಂತು 3,500. ನನ್ನದೇ ಬಡ್ಡಿ, ನನ್ನದೇ ಅವಧಿಯಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ತೆಗೆದುಕೊಳ್ಳಬಹುದಾದ ಸಾಲ ಸುಮಾರು 1 ಲಕ್ಷ 40 ಸಾವಿರ. ಆರು ಲಕ್ಷಕ್ಕೆ ಬಡ್ಡಿ ಶೇ. 11 ಹಿಡಿದರೂ ಕಂತು 13,600 ದಾಟುತ್ತಿತ್ತು. ತಂಗಿ ಆ ಎರಡು ಅಂಕಿಗಳ ಕೆಳಗೆ ಗೆರೆ ಎಳೆದು ಬಹಳ ಹೊತ್ತು ಸುಮ್ಮನಿದ್ದಳು. ಅಳಲಿಲ್ಲ.

ಬಯಾಲಜಿ ಬೇಡ ಅಂತ ಮಾತ್ರ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಈ ವಿಷಯದಲ್ಲಿ ದುಡ್ಡು ಮೊದಲ ಪದವಿಗೆ ಬರುವುದಿಲ್ಲ, ಎರಡನೆಯದರ ಮೇಲೆ ಬರುತ್ತದೆ. ಆದ್ದರಿಂದ ಮೊದಲ ಪದವಿಗೆ ಸಾಲ ಬೇಡ ಅಂದೆ. ಅವಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ ಸಿ.ಬಿ.ಝಡ್. ಮುಗಿಸಿದಳು. ಅಲ್ಲಿ ಮೈಕ್ರೋಸ್ಕೋಪು ಐದು ಜನಕ್ಕೆ ಒಂದು, ಡಿ.ಎನ್.ಎ. ನಕಲು ಮಾಡುವ ಪಿ.ಸಿ.ಆರ್. ಯಂತ್ರವನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದಳು. ಆ ಕೊರತೆ ನಿಜ, ಎಂ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಅದು ಅವಳನ್ನು ಕಾಡಿತು. 2021ರಲ್ಲಿ ಗ್ಯಾಟ್-ಬಿ ಪ್ರವೇಶ ಪರೀಕ್ಷೆ ಬರೆದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಎಂ.ಎಸ್ಸಿ. ಸೀಟು ಪಡೆದಳು. ಅದರಲ್ಲಿ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ. ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಮೊದಲ ಸಲ ಜೆ.ಆರ್.ಎಫ್. (ಪಿಎಚ್.ಡಿ. ಸಂಶೋಧನೆಗೆ ಸಿಗುವ ಫೆಲೋಶಿಪ್) ತಪ್ಪಿತು, ಎರಡನೇ ಸಲ ಸಿಕ್ಕಿತು. 2023ರಿಂದ ಜೆ.ಆರ್.ಎಫ್. ತಿಂಗಳಿಗೆ 37,000, ಮೇಲೆ ಮನೆ ಬಾಡಿಗೆ ಭತ್ಯೆ. ಹಣ ಕೆಲವೊಮ್ಮೆ ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ, ಅಲ್ಲಿಯವರೆಗೆ ಕೈಯಲ್ಲಿ ಏನಾದರೂ ಇರಬೇಕು. ಕಂತಿಲ್ಲದವರು ಮಾತ್ರ ಹಾಗೆ ಕಾಯಬಲ್ಲರು.

ಜೆ.ಆರ್.ಎಫ್. ಎಲ್ಲರಿಗೂ ಸಿಗುವುದಿಲ್ಲ, ಗೊತ್ತು. ಎರಡು ವರ್ಷದಲ್ಲಿ ಆಗದಿದ್ದರೆ ಬಿ.ಎಡ್. ಎಂದು ನಾವು ಮೊದಲೇ ಬರೆದಿಟ್ಟುಕೊಂಡಿದ್ದೆವು.

ನನ್ನ ಸಾಲ 2021ರಲ್ಲಿ ತೀರಿತು. ಕೆಲಸ ಬದಲಿಸಿ ಸಂಬಳ 22 ಸಾವಿರವಾದ ಮೇಲೆ ಉಳಿದದ್ದನ್ನೆಲ್ಲ ಮುಂಗಡವಾಗಿ ಕಟ್ಟಿದೆ. ಅವಧಿಗೆ ಮೊದಲೇ ಕಟ್ಟಿದ್ದಕ್ಕೆ ದಂಡ ಹಾಕಲಿಲ್ಲ.

ಹೋದ ವಾರ ಪಕ್ಕದ ಮನೆಯ ಹುಡುಗ ಜೆನೆಟಿಕ್ಸ್ ಓದುತ್ತೇನೆಂದು ಬ್ರೋಶರ್ ಹಿಡಿದು ಬಂದಿದ್ದ. ಆ ಕಾಲೇಜಿನಲ್ಲಿ ಓದಿದ ಇಬ್ಬರ ನಂಬರ್ ಹುಡುಕಿಕೊಟ್ಟೆ. ನಮ್ಮ ಜಗುಲಿಯ ಮೇಲೆ ಕೂತೇ ಮೊದಲ ಕರೆ ಮಾಡಿದ. ಆ ಕಡೆಯಿಂದ ಬಂದ ಉತ್ತರವನ್ನು ಬ್ರೋಶರಿನ ಹಿಂಬದಿ ಬರೆದುಕೊಂಡ: 15,500.