ದುರ್ಗದ ಏರಿಗೆ ಆರು ರೋಲರ್

ನಮ್ಮ ಮನೆದೇವರು ದೇವರಾಯನದುರ್ಗದ ನರಸಿಂಹಸ್ವಾಮಿ. ತಿಂಗಳಿಗೆ ಒಂದು ಶನಿವಾರವಾದರೂ ಹೋಗಲೇಬೇಕು. ಕ್ಯಾತ್ಸಂದ್ರದ ನಮ್ಮ ಮನೆಯಿಂದ ಹೊರಟು ನಾಮದ ಚಿಲುಮೆ ದಾಟುವವರೆಗೆ ಸ್ಕೂಟರ್ ಆರಾಮಾಗಿ ಓಡುತ್ತದೆ. ಏರು ಶುರುವಾದ ಮೇಲೆ ಅದರ ಬಂಡವಾಳ ಬಯಲಾಗುತ್ತದೆ.

ಹೋದ ವರ್ಷದ ಒಂದು ಶನಿವಾರ. ಡಬಲ್ಸ್ ಹೋಗುತ್ತಿದ್ದೆವು, ಕಾಲ ಹತ್ತಿರ ತೆಂಗಿನಕಾಯಿ ಚೀಲ. ಒಂದು ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಪೂರ್ತಿ ರೇಸ್ ಕೊಟ್ಟೆ. ಇಂಜಿನ್ ಗೊರಗೊರ ಅಂತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಹಿಂದಿನಿಂದ ನಮ್ಮವಳು "ರೀ, ಇಳಿದು ನಡೀಲಾ?" ಅಂದಳು. ಕೊಂಕು ಮಾತಲ್ಲ, ಪಾಪ, ನಿಜವಾಗಿಯೇ ಕೇಳಿದ್ದು. ಅದಕ್ಕೇ ಜಾಸ್ತಿ ಚುಚ್ಚಿತು.

ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಏರ್ ಫಿಲ್ಟರ್ ಹಾಕಿದರು, ಕಾರ್ಬುರೇಟರ್ ತೊಳೆದರು. ಪಿಕಪ್ ಹಾಗೇ ಇತ್ತು. "ಗೇರಿಲ್ಲದ ಗಾಡಿ ಸಾರ್, 110 ಸಿಸಿ, ಇಷ್ಟೇ ಎಳೆಯೋದು" ಅಂದರು. ನಾನು ಅಂತರಸನಹಳ್ಳಿಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. "ಇಷ್ಟೇ" ಅನ್ನುವ ಅಳತೆ ನಮ್ಮ ಕೆಲಸದಲ್ಲಿಲ್ಲ. ವಾರಂಟಿ ಹೇಗೂ ಮುಗಿದಿತ್ತು, ನಾನೇ ಬಿಚ್ಚೋಣ ಅಂತ ಕೂತೆ.

ಗೇರಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಎಡಗಡೆ ಕವರ್ ಒಳಗೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್ ಇರುತ್ತವೆ. ಮುಂದಿನ ಪುಲ್ಲಿಗೆ ವೇರಿಯೇಟರ್ ಅಂತಾರೆ. ಅದರೊಳಗೆ ಆರು ರೋಲರ್ ಇರುತ್ತವೆ, ಒಂದೊಂದೂ ಸಣ್ಣ ಅಡಿಕೆಯಷ್ಟು. ಇಂಜಿನ್ ಜೋರಾಗಿ ತಿರುಗಿದ ಹಾಗೆ ಇವು ಹೊರಗೆ ಸರಿಯುತ್ತವೆ. ಬಸ್ಸು ತಿರುವಿನಲ್ಲಿ ಹೊರಳಿದಾಗ ನಾವು ಪಕ್ಕದವರ ಮೇಲೆ ವಾಲುತ್ತೇವಲ್ಲ, ಹಾಗೆ. ಸರಿಯುತ್ತಾ ಪುಲ್ಲಿಯ ಒಂದು ಮಗ್ಗುಲನ್ನು ಒತ್ತುತ್ತವೆ, ಬೆಲ್ಟ್ ಮೇಲೇರುತ್ತದೆ. ಅಂದರೆ ಟಾಪ್ ಗೇರಿನ ಕಡೆಗೆ. ಹಿಂದಿನ ಪುಲ್ಲಿಯಲ್ಲಿರುವ ದಪ್ಪ ಸ್ಪ್ರಿಂಗ್ ಬೆಲ್ಟನ್ನು ವಾಪಸ್ ಲೋ ಗೇರಿಗೆ ಎಳೆಯುತ್ತಿರುತ್ತದೆ. ಇಬ್ಬರಿಗೂ ಹಗ್ಗಜಗ್ಗಾಟ. ರೋಲರ್ ಭಾರ ಜಾಸ್ತಿ ಇದ್ದರೆ ಇಂಜಿನ್‌ಗೆ ಇನ್ನೂ ಉಸಿರು ಬರುವ ಮುಂಚೆಯೇ ಗೇರು ಏರುತ್ತದೆ. ಹಗುರ ಇದ್ದರೆ ಇಂಜಿನ್ ಚೆನ್ನಾಗಿ ತಿರುಗಿದ ಮೇಲೆ ಏರುತ್ತದೆ. ನನ್ನ ಗಾಡಿಯ ಪುಸ್ತಕದಲ್ಲಿ ಗರಿಷ್ಠ ಶಕ್ತಿ 7,500 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, ಅಂತಿದೆ. ಏರಿನಲ್ಲಿ ಇಂಜಿನ್ ಅಲ್ಲಿಗೆ ಹತ್ತಿರವಾದರೂ ನಿಲ್ಲಬೇಕು ಅಲ್ವಾ?

ಇದು ಹೊಸ ವಿದ್ಯೆಯೇನಲ್ಲ. 1958ರಲ್ಲೇ ಹಾಲೆಂಡಿನ ಡಾಫ್ ಕಂಪನಿ ಕಾರಿಗೇ ಇಂಥ ಬೆಲ್ಟ್ ಹಾಕಿತ್ತು. ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್‌ನಲ್ಲೂ ಇದೇ ಏರ್ಪಾಡು, ರೋಲರ್ ಬದಲು ತೂಕದ ತೋಳುಗಳಿರುತ್ತವೆ, ಅಷ್ಟೇ. ಎತ್ತರದ ಬೆಟ್ಟಗಳಲ್ಲಿ ಗಾಳಿ ತೆಳುವಾಗಿ ಇಂಜಿನ್ ಶಕ್ತಿ ತಗ್ಗುತ್ತದೆ. ಅದಕ್ಕೇ ಅಲ್ಲಿನವರು ಬೆಟ್ಟಕ್ಕೆ ಹೋಗುವ ಮುಂಚೆ ಹಗುರ ತೂಕ ಹಾಕಿಕೊಳ್ಳುತ್ತಾರೆ. ನಮ್ಮ ದುರ್ಗ ಸುಮಾರು 3,900 ಅಡಿ, ಗಾಳಿಯ ಮೇಲೆ ತಪ್ಪು ಹೊರಿಸುವಷ್ಟು ಎತ್ತರವಲ್ಲ. ನಮ್ಮ ಕಷ್ಟ ತೆಂಗಿನಕಾಯಿ ಚೀಲದ್ದು.

ಮುಂದಿನ ನಟ್ಟು ಬಿಚ್ಚುವಾಗ ಪುಲ್ಲಿ ತಿರುಗದ ಹಾಗೆ ಹಿಡಿಯಬೇಕು. ಅದಕ್ಕೆ ಹೋಲ್ಡರ್ ಸಿಗುತ್ತದೆ. ನಾನು ಬುದ್ಧಿವಂತನ ಹಾಗೆ ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ಸ್ಪ್ಯಾನರ್ ಎಳೆದೆ. ಟಕ್ ಅಂತು. ನಟ್ಟಲ್ಲ, ರೆಕ್ಕೆ. ಮಾರನೆಯ ದಿನ ಚಪ್ಪಟೆ ಪಟ್ಟಿಗೆ ಎರಡು ತೂತು ಕೊರೆದು ನಾನೇ ಹೋಲ್ಡರ್ ಮಾಡಿಕೊಂಡೆ.

ರೋಲರ್‌ಗಳನ್ನು ಅಂಗೈ ಮೇಲೆ ಸುರಿದುಕೊಂಡಾಗ ರೋಗ ಕಣ್ಣಿಗೇ ಕಂಡಿತು. ದುಂಡಗಿರಬೇಕಾದವು ಒಂದೊಂದು ಕಡೆ ಚಪ್ಪಟೆಯಾಗಿದ್ದವು. ಮೇಜಿನ ಮೇಲೆ ಉರುಳಿಸಿದರೆ ಕುಂಟುತ್ತಾ ಹೋಗಿ ನಿಲ್ಲುತ್ತಿದ್ದವು. ತೂಕ ನೋಡಲು ಚಿನ್ನದ ಕೆಲಸ ಮಾಡುವ ಗೆಳೆಯನ ಅಂಗಡಿಗೆ ಹೋದೆ. "ಇದ್ರಲ್ಲಿ ಎಷ್ಟು ಕ್ಯಾರೆಟ್ ಮಾರಾಯ?" ಅಂತ ನಕ್ಕ. ಹೊಸದರಲ್ಲಿ 13 ಗ್ರಾಂ ಇದ್ದದ್ದು. ಈಗ ಒಂದು 12.1, ಇನ್ನೊಂದು 12.4, ಹೀಗೆ. ಇಲ್ಲಿ ನನಗೆ ತಲೆ ಕೆಟ್ಟಿತು. ಹಗುರವಾದರೆ ಪಿಕಪ್ ಏರಬೇಕಲ್ಲ, ಇಳಿದಿದ್ದು ಯಾಕೆ?

ಉತ್ತರ ಆ ತಿರುವಿನಲ್ಲೇ ಇತ್ತು. ನಿಧಾನ ಮಾಡಿದಾಗ ರೋಲರ್‌ಗಳು ಒಳಗೆ ಉರುಳಿ ಬರಬೇಕು, ಆಗಲೇ ಬೆಲ್ಟ್ ಲೋ ಗೇರಿಗೆ ಇಳಿಯುವುದು. ಚಪ್ಪಟೆ ರೋಲರ್ ಉರುಳುವುದಿಲ್ಲ, ದಾರಿಯಲ್ಲೇ ಕೂತುಬಿಡುತ್ತದೆ. ಗಾಡಿ ತಿರುವಿನಿಂದ ಟಾಪ್ ಗೇರಿನಲ್ಲೇ ಮೇಲೇಳಲು ಒದ್ದಾಡುತ್ತದೆ. ಬೆಲ್ಟನ್ನೂ ವರ್ನಿಯರ್ ಹಿಡಿದು ನೋಡಿದೆ, ಅಗಲ ಪುಸ್ತಕದಲ್ಲಿ ಹೇಳಿದ ಮಿತಿಗಿಂತ ಕಡಿಮೆಯಾಗಿತ್ತು. ಹಿಂದಿನ ಸ್ಪ್ರಿಂಗ್ ಕೂಡ ಹೊಸದರ ಪಕ್ಕ ಇಟ್ಟರೆ ಗಿಡ್ಡ. ಮೂರನ್ನೂ ಕಂಪನಿಯದ್ದೇ ಹೊಸದು ತಂದು ಹಾಕಿದೆ. ರೋಲರ್‌ಗೆ ಗ್ರೀಸ್ ಹಚ್ಚಲಿಲ್ಲ. ಗ್ರೀಸ್ ಕೇಳುವ ಗಾಡಿಗಳೂ ಇವೆ, ನನ್ನದು ಒಣಗೇ ಓಡುವ ಜಾತಿ. ಅದರಲ್ಲಿ ಗ್ರೀಸ್ ಹಾರಿ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ.

ಇನ್ನೊಂದು ಎಡವಟ್ಟು ಜೋಡಿಸುವಾಗ ಆಯಿತು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸುಮಾರು ಜನ ಇಲ್ಲೇ ಬೀಳುತ್ತಾರೆ. ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಬಿಗಿಯಾಗಿದ್ದರೆ, ನಟ್ಟು ಬಿಗಿಯುವಾಗ ಎರಡು ಮಗ್ಗುಲ ನಡುವೆ ಸಿಕ್ಕಿಕೊಳ್ಳುತ್ತದೆ. ಸ್ಪ್ಯಾನರ್ ಕೈಗೆ ಗಟ್ಟಿ ಅನಿಸುತ್ತದೆ, ಆದರೆ ಗಟ್ಟಿಯಾಗಿರುವುದು ಬೆಲ್ಟ್, ನಟ್ಟು ಕೂತಿರುವುದಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಸರಿದು ನಟ್ಟು ಸಡಿಲ. ನನ್ನದು ಬೀದಿ ಕೊನೆ ಮುಟ್ಟುವ ಮುಂಚೆಯೇ ಕಟಕಟ ಅಂತ ಸದ್ದು ಮಾಡಿತು. ಪುಣ್ಯ, ಅಲ್ಲೇ ನಿಲ್ಲಿಸಿದೆ. ಇನ್ನೊಂದು ಮೈಲಿ ಓಡಿಸಿದ್ದರೆ ಕ್ರ್ಯಾಂಕಿನ ಹಲ್ಲುಗಳೇ ಹೋಗುತ್ತಿದ್ದವು. ಮೊದಲು ಹಿಂದಿನ ಪುಲ್ಲಿಯನ್ನು ಎರಡೂ ಕೈಯಲ್ಲಿ ಅಗಲಿಸಿ, ಬೆಲ್ಟನ್ನು ಅದರ ಆಳಕ್ಕೆ ತಳ್ಳಿ. ಮುಂದೆ ಜೋಲುವಷ್ಟು ಸಡಿಲ ಸಿಗುತ್ತದೆ. ಆಮೇಲೆ ಟಾರ್ಕ್ ರೆಂಚಿನಲ್ಲಿ ಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಿರಿ. ಕೊನೆಗೆ ಕೈಯಿಂದ ಪುಲ್ಲಿ ತಿರುಗಿಸಿ ಬೆಲ್ಟ್ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಳ್ಳಿ.

ಕಂಪನಿ ಸಾಮಾನು ಹಾಕಿದ್ದಕ್ಕೇ ಮುಕ್ಕಾಲು ಪಾಲು ಪಿಕಪ್ ವಾಪಸ್ ಬಂತು. ಇಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೈ ಸುಮ್ನಿರಬೇಕಲ್ಲ.

ಪ್ಲಗ್ ವೈರಿಗೆ ಸುತ್ತುವ ಒಂದು ಅಗ್ಗದ ಆರ್‌ಪಿಎಂ ಮೀಟರ್ ತಂದೆ. ಹಚ್ಚಿದ ತಕ್ಷಣ ಐಡ್ಲಿಂಗ್‌ನಲ್ಲೇ 3,300 ತೋರಿಸಿತು. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ನನ್ನ ಇಂಜಿನ್‌ನಲ್ಲಿ ಸುತ್ತಿಗೊಂದು ಕಿಡಿ, ಮೀಟರ್ ಎರಡು ಸುತ್ತಿಗೊಂದು ಅಂತ ಲೆಕ್ಕ ಹಾಕುತ್ತಿತ್ತು. ಸೆಟ್ಟಿಂಗ್ ಬದಲಾಯಿಸಿದ ಮೇಲೆ 1,650.

ಪರೀಕ್ಷೆಗೆ ದುರ್ಗದ ಏರಿನಲ್ಲೇ ಒಂದು ನೇರ ತುಂಡು ಗುರುತು ಮಾಡಿಕೊಂಡೆ. ಬೆಳಿಗ್ಗೆ ಆರಕ್ಕೆ, ರಸ್ತೆ ಖಾಲಿ ಇರುವಾಗ, ಪ್ರತಿಸಲ ಅದೇ ಭಾರ. ಹಿಂದೆ ಕೂತಿದ್ದು ನನ್ನ ತಮ್ಮ, ಮೀಟರ್ ಓದುವ ಕೆಲಸವೂ ಅವನದೇ. ಕೂಲಿ ಎರಡು ತಟ್ಟೆ ಇಡ್ಲಿ. ಹೊಸ 13 ಗ್ರಾಂ ರೋಲರ್‌ನಲ್ಲಿ ಪೂರ್ತಿ ರೇಸ್ ಕೊಟ್ಟಾಗ ಇಂಜಿನ್ 6,100ರ ಹತ್ತಿರ ನಿಲ್ಲುತ್ತಿತ್ತು. 11 ಗ್ರಾಂ ಹಾಕಿದಾಗ 6,600. ಗಾಡಿ ತಿರುವಿನಿಂದ ಈಚೆ ಬಂದದ್ದೇ ಎಳೆದುಕೊಂಡು ಹೋಗುತ್ತಿತ್ತು, ತಮ್ಮ ಭುಜ ಹಿಡಿದುಕೊಂಡ. ಆಸೆ ಬಿಡಲಿಲ್ಲ, 9 ಗ್ರಾಂ ಹಾಕಿದೆ. 7,300. ಲೆಕ್ಕದಲ್ಲಿ ಇದೇ ಗೆಲ್ಲಬೇಕು. ಏರಿನಲ್ಲಿ ಗೆದ್ದಿತು ಕೂಡ, ಆದರೆ ಕೂದಲೆಳೆಯಷ್ಟು. ಹೆದ್ದಾರಿಯಲ್ಲಿ ಮಾತ್ರ ನರಕ. ಐವತ್ತರ ವೇಗಕ್ಕೇ ಇಂಜಿನ್ ಕಿರುಚುತ್ತಿತ್ತು. 46 ಕೊಡುತ್ತಿದ್ದ ಮೈಲೇಜ್ 38ಕ್ಕೆ ಇಳಿಯಿತು. ತಿಂಗಳಿಗೊಮ್ಮೆ ದುರ್ಗ, ದಿನಾ ಅಂತರಸನಹಳ್ಳಿ. ಯಾರಿಗಾಗಿ ಟ್ಯೂನ್ ಮಾಡಬೇಕು?

ಕೊನೆಗೆ ಮೂರು 11, ಮೂರು 9 ಬೆರೆಸಿ ಹಾಕಿದೆ. ಒಂದು ಬಿಟ್ಟು ಒಂದು ಕೂರಿಸಬೇಕು, ಒಂದೇ ಕಡೆ ಭಾರ ಸೇರಿದರೆ ಪುಲ್ಲಿ ಅದುರುತ್ತದೆ. ಇಂಜಿನ್ 7,000ದ ಹತ್ತಿರ ನಿಂತಿತು, ಮೈಲೇಜ್ 42. ಏರಿಗೂ ಸರಿ, ಹೆದ್ದಾರಿಗೂ ಸರಿ.

ಹಿಂದಿನ ಪುಲ್ಲಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ನೋಡು ಅಂತ ಕೆಲವರು ಹೇಳಿದರು. ಒಂದು ವಾರ ಹಾಕಿದ್ದೆ. ರೇಸ್ ಕೊಟ್ಟಾಗ ಗೇರು ಬೇಗ ಇಳಿಯುತ್ತದೆ, ನಿಜ. ಆದರೆ ಬೆಲ್ಟಿನ ಮೇಲೆ ಒತ್ತಡ ಜಾಸ್ತಿ, ಕವರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ತೆಗೆದುಬಿಟ್ಟೆ. ತೆಗೆಯುವಾಗ ಜೋಪಾನ, ಕ್ಲಚ್ ನಟ್ಟಿನ ಹಿಂದೆ ಅದು ಒತ್ತಿಕೊಂಡು ಕೂತಿರುತ್ತದೆ. ಮೇಲಿನಿಂದ ಮೈಭಾರ ಹಾಕಿ ಒತ್ತಿ ಹಿಡಿದುಕೊಂಡೇ ನಟ್ಟು ಬಿಚ್ಚಬೇಕು, ಇಲ್ಲದಿದ್ದರೆ ಮುಖಕ್ಕೇ ಹಾರುತ್ತದೆ. ಕ್ಲಚ್ ಶೂಗಳ ಸಣ್ಣ ಸ್ಪ್ರಿಂಗ್ ನಾನು ಮುಟ್ಟಲಿಲ್ಲ. ಅವು ಗಟ್ಟಿಯಾದರೆ ಕ್ಲಚ್ ತಡವಾಗಿ ಹಿಡಿಯುತ್ತದೆ, ಊರೊಳಗಿನ ಟ್ರಾಫಿಕ್ಕಿನಲ್ಲಿ ಅದೊಂದು ಹಿಂಸೆ. ಶೂಗಳ ಹೊಳಪನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆದೆ, ಅಷ್ಟೇ. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಹೋದ ಶನಿವಾರ ಮತ್ತೆ ದುರ್ಗಕ್ಕೆ ಹೋಗಿದ್ದೆವು. ಅದೇ ತಿರುವು, ಅದೇ ಚೀಲ. ನಮ್ಮವಳು ಏನೂ ಹೇಳಲಿಲ್ಲ, ಫೋನಿನಲ್ಲಿ ತಂಗಿ ಜೊತೆ ಮಾತಾಡುತ್ತಿದ್ದಳು. ಬೆಲ್ಟ್ ಹಾಕಿ 4,000 ಕಿಲೋಮೀಟರ್ ಆಯಿತು. ದೀಪಾವಳಿ ರಜೆಯಲ್ಲಿ ಕವರ್ ಬಿಚ್ಚಿ ಮತ್ತೆ ಅಳೆಯಬೇಕು. ಗ್ಯಾಸ್ಕೆಟ್ ತಂದಿಟ್ಟಿದ್ದೇನೆ.