ಬೀದರಿನಲ್ಲಿ ಮಹಮೂದ್ ಗವಾನನ ಕಥೆಯನ್ನು ಮಕ್ಕಳಿಗೆ ಹೇಳುವ ಬಗೆ

ಬೀದರಿಗೆ ಮಕ್ಕಳನ್ನು ಕರೆತರುವ ಶಿಕ್ಷಕರು ಸಾಮಾನ್ಯವಾಗಿ ಕೋಟೆಯಿಂದ ಆರಂಭಿಸುತ್ತಾರೆ. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಗವಾನನ ಕಥೆಯನ್ನು ಹೇಳಬೇಕೆಂದಿದ್ದರೆ ಕೋಟೆಯನ್ನು ಇನ್ನೊಂದು ದಿನಕ್ಕೆ ಬಿಟ್ಟು, ಬಿಸಿಲೇರುವ ಮೊದಲೇ ಹಳೆಯ ಊರ ನಡುವಿನ ಕಾವಲು ಗೋಪುರವಾದ ಚೌಬಾರಾದಿಂದ ಮದ್ರಸಾದವರೆಗೆ ನಡೆದು ಹೋಗಿ. ಗವಾನ್ ಯಾರೆಂದು ದಾರಿಯ ಅಂಗಡಿಯವರನ್ನು ಮಕ್ಕಳೇ ಕೇಳಲಿ. ಮದ್ರಸಾ ಕಟ್ಟಿಸಿದವನು ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಗೋವಾ ಗೆದ್ದವನು ಎಂದವರನ್ನು ನಾನಂತೂ ಕಂಡಿಲ್ಲ. ಅಂಗಡಿಯವರ ಉತ್ತರವನ್ನು ಅಲ್ಲಿಯೇ ತಿದ್ದಬೇಡಿ.

ಮದ್ರಸಾದ ಮುಂದೆ ಉಳಿದಿರುವ ಒಂದೇ ಮಿನಾರಿನ ಬಳಿ ಮಕ್ಕಳನ್ನು ಕೂರಿಸಿ. ಹೆಂಚುಗಳು ಉದುರಿಹೋದ ಗೋಡೆಯಲ್ಲಿ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ, ಹಸಿರು, ಹಳದಿ ತುಣುಕುಗಳನ್ನೂ ಮಿನಾರಿನ ಮೈಮೇಲಿನ ಅಂಕುಡೊಂಕು ಪಟ್ಟಿಗಳನ್ನೂ ಅವರು ಸಾವಕಾಶವಾಗಿ ನೋಡಿದ ಮೇಲೆ, ಇರಾನಿನ ಗಿಲಾನ್ ಸೀಮೆಯವನೊಬ್ಬ 1453ರಲ್ಲಿ ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಬಂದಿಳಿದು, ಬೀದರಿನಲ್ಲಿ ನೆಲೆನಿಂತು, ಬಹಮನಿ ರಾಜ್ಯದ ಪ್ರಧಾನಿಯಾದ ಕಥೆಯನ್ನು ಆರಂಭಿಸಿ. ವಿಜಯನಗರದ ಕೈಲಿದ್ದ ಗೋವಾವನ್ನು ಅವನು ಗೆದ್ದದ್ದೂ ಈ ಮದ್ರಸಾ ಕಟ್ಟಿ ಮುಗಿದದ್ದೂ 1472ರಲ್ಲೇ. ಊರು ಇವೆರಡರಲ್ಲಿ ಯಾವುದನ್ನು ನೆನಪಿಟ್ಟುಕೊಂಡಿದೆ ಎಂದು ಈಗ ಕೇಳಿ. ಅಂಗಡಿಯವರ ಉತ್ತರ ಮಕ್ಕಳಿಗೆ ತಾನಾಗಿಯೇ ನೆನಪಾಗುತ್ತದೆ.

ಅವನ ಸರಳತೆಯ ಕಥೆಗಳನ್ನು ಹೇಳುವಾಗ ಸ್ವಲ್ಪ ಎಚ್ಚರ ಬೇಕು. ಚಾಪೆಯ ಮೇಲೆ ಮಲಗುತ್ತಿದ್ದನು, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನು ಎನ್ನುತ್ತಾರೆ. ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ನಿಕಿಟಿನ್ ಮಾತ್ರ ಅವನ ಸೇನೆಯನ್ನೂ ವೈಭವವನ್ನೂ ಬಣ್ಣಿಸಿದ್ದಾನೆ. ಎರಡನ್ನೂ ಹೇಳಿ. ಬರಿಯ ಸಂತನನ್ನಾಗಿ ಮಾಡಿದರೆ ಮಕ್ಕಳು ಅವನನ್ನು ಬೇಗ ಮರೆಯುತ್ತಾರೆ.

ಗವಾನನ ಕೊಲೆಯ ಪ್ರಸಂಗಕ್ಕೆ ಒಂದು ರಬ್ಬರ್ ಸ್ಟಾಂಪು, ಒಂದು ಖಾಲಿ ಹಾಳೆ ಸಾಕು. ಒಬ್ಬ ಹುಡುಗನಿಂದ ಖಾಲಿ ಹಾಳೆಯ ಕೆಳಗೆ ಮುದ್ರೆ ಒತ್ತಿಸಿ, ಮೇಲೆ ತೋಚಿದ್ದನ್ನು ಬರೆಯಲು ಇನ್ನೊಬ್ಬನಿಗೆ ಕೊಡಿ. ಪ್ರಾಂತಗಳ ಅಧಿಪತಿಗಳಾದ ತರಫ್‌ದಾರರ ಕೈಯಲ್ಲಿ ಒಂದೊಂದೇ ಕೋಟೆಯನ್ನು ಬಿಟ್ಟು ಉಳಿದವನ್ನು ಸುಲ್ತಾನನ ಅಧೀನಕ್ಕೆ ತಂದ ಗವಾನನ ಮೇಲೆ ಹಗೆ ಬೆಳೆದು, ವಿರೋಧಿಗಳು ಅವನ ಮುದ್ರೆಯಿದ್ದ ಹಾಳೆಯಲ್ಲಿ ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಹುಟ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾ ಅದನ್ನು ನಂಬಿ 1481ರಲ್ಲಿ ಅವನನ್ನು ಕೊಲ್ಲಿಸಿದನು. ಸತ್ಯ ತಿಳಿದು ಪರಿತಪಿಸಿದ ಸುಲ್ತಾನನೂ ಮರುವರ್ಷವೇ ತೀರಿಕೊಂಡನು. ಇಲ್ಲಿಯವರೇ ಆದ ದಖ್ಖನಿಗಳು ಮತ್ತು ಗವಾನನಂತೆ ಹೊರಗಿನಿಂದ ಬಂದ ಆಫಾಖಿಗಳ ನಡುವಿನ ಜಗಳವನ್ನು ದೊಡ್ಡ ತರಗತಿಯವರಿಗೆ ಮಾತ್ರ ವಿವರಿಸಿದರೆ ಸಾಕು. ಆದರೆ ದಖ್ಖನಿಗಳಿಗೂ ಪಾಲು ಸಿಗುವಂತೆ ಅವನು ಹುದ್ದೆಗಳನ್ನು ಹಂಚಿದ್ದನೆಂಬುದನ್ನು ಬಿಡಬೇಡಿ.

ಗವಾನನ ಗೋರಿ ಊರ ಹೊರಗಿದೆ. ನಾನು ಒಮ್ಮೆ ಮಧ್ಯಾಹ್ನದ ಊಟದ ನಂತರ ಅಲ್ಲಿಗೆ ಹೊರಡಿಸಿದಾಗ ಅರ್ಧದಷ್ಟು ಮಕ್ಕಳು ವಾಹನದಲ್ಲೇ ನಿದ್ದೆ ಹೋಗಿದ್ದರು. ಆದ್ದರಿಂದ ಊಟಕ್ಕೆ ಮೊದಲೇ ಹೋಗಿ ಬನ್ನಿ, ಆಟೋ ಆದರೆ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿ. ಮದ್ರಸಾದ ಎತ್ತರವನ್ನು ನೋಡಿ ಬಂದವರು ಈ ಸಾದಾ ಗೋರಿಯನ್ನು ಕಂಡು ‘ಇಷ್ಟೇನಾ?’ ಎನ್ನುತ್ತಾರೆ. ಆಗ ಬೆಳಿಗ್ಗೆ ಮುದ್ರೆ ಒತ್ತಿದ ಆ ಹಾಳೆಯನ್ನು ಚೀಲದಿಂದ ತೆಗೆದು ಅವರ ಕೈಗೆ ಕೊಡಿ.